ಸೆಕೆ, ನಿದ್ದೆ, ಸಂಬಳದ ಚಿಂತೆ: ಹೊಲಿಗೆ ಮೆಷಿನ್ ಮುಂದೆ ಕೂತವರನ್ನು ಅಳೆದವರು ಕಂಡದ್ದೇನು?

ಮಳವಳ್ಳಿ ಮಗಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಹದಿನೇಳು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದರು. ಆ ದುಡ್ಡಿನಲ್ಲಿ ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಈಗ ಊರೂರು ತಿರುಗಿ ಮನೆಗಳ ಸರ್ವೆ ಮಾಡುವ ಕೆಲಸದಲ್ಲಿದ್ದೇನೆ.

ಬೇಸಿಗೆ ಬಂದರೆ ಅಮ್ಮ ಬ್ಯಾಗಿನಲ್ಲಿ ಎರಡು ಕರ್ಚೀಫು ಇಟ್ಟುಕೊಂಡು ಹೋಗುತ್ತಿದ್ದರು. ಒಂದು ಮುಖ ಒರೆಸಿಕೊಳ್ಳಲು, ಇನ್ನೊಂದು ಬಲಗೈ ಮಣಿಕಟ್ಟಿಗೆ ಸುತ್ತಿಕೊಳ್ಳಲು. ಬಿಳಿ ಶರ್ಟಿನ ಕಾಲರ್ ಹೊಲಿಯುವಾಗ ಒಂದು ಹನಿ ಬೆವರು ಬಟ್ಟೆ ಮೇಲೆ ಬಿದ್ದರೆ ಕಲೆ. ಕಲೆಯಾದರೆ ಚೆಕಿಂಗ್‌ನಿಂದ ಪೀಸ್ ವಾಪಸ್. ವಾಪಸ್ ಬಂದರೆ ಇಡೀ ಲೈನಿನ (ಸಾಲಾಗಿ ಕೂತು ಒಂದೇ ಬಟ್ಟೆಯ ಒಂದೊಂದು ಭಾಗ ಹೊಲಿಯುವವರ) ಎದುರಿಗೆ ಬೈಗುಳ. ಚಿಕ್ಕವಳಿದ್ದಾಗ ಅದು ಅಮ್ಮನ ಅಚ್ಚುಕಟ್ಟುತನ ಅಂದುಕೊಂಡಿದ್ದೆ. ತಲೆಯ ಮೇಲೆ ಕೈಗೆಟುಕುವಷ್ಟು ಕೆಳಗೆ ಟ್ಯೂಬ್‌ಲೈಟ್ ಸಾಲು, ಅದರ ಕಾವು ನೇರ ನೆತ್ತಿಗೆ. ಕರ್ಚೀಫಿಗೆ ಕಾರಣ ಅದು.

ಇದನ್ನೇ ಲೆಕ್ಕ ಹಾಕಿ ಅಳೆದವರಿದ್ದಾರೆ ಎಂದು ಓದುವಾಗ ಗೊತ್ತಾಯಿತು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಮುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಅಂಕಿಅಂಶ ತೆಗೆದುಕೊಂಡು ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕಂಪನಿಯವರು ಕರೆಂಟ್ ಉಳಿಸಲು ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿಸುತ್ತಿದ್ದರು. ಎಲ್ಲ ಯೂನಿಟ್ಟಿಗೂ ಒಂದೇ ದಿನ ಹಾಕಲಿಲ್ಲ, ಒಂದಾದ ಮೇಲೊಂದಕ್ಕೆ ಹಾಕುತ್ತ ಹೋದರು. ಹೋಲಿಸಿ ನೋಡಲು ಇವರಿಗೆ ಅದೇ ಅನುಕೂಲವಾಯಿತು. ಪ್ರತಿ ಲೈನಿನ ದಿನದ ಪ್ರೊಡಕ್ಷನ್ ಲೆಕ್ಕವನ್ನು ಆ ದಿನದ ಹವಾಮಾನದ ಪಕ್ಕಕ್ಕೆ ಇಟ್ಟರು. ಬಿಸಿ ಏರಿದ ಹಾಗೆ ಕೆಲಸ ಇಳಿಯುತ್ತದೆ. ಇಳಿಯುವುದೂ ಒಂದೇ ಸಮನೆ ಅಲ್ಲ, ಸೆಕೆ ಒಂದು ಮಟ್ಟ ದಾಟಿದ ಮೇಲೆ ಜೋರಾಗಿ. ಎಲ್‌ಇಡಿ ಬಂದ ಕಡೆ ಬಿಸಿ ದಿನಗಳಲ್ಲಿ ಆ ನಷ್ಟ ತಗ್ಗಿತು.

ಈಗ ದುಡ್ಡಿನ ಲೆಕ್ಕ ನೋಡಿ. ಸರಾಸರಿ ಒಂದು ಕಾರ್ಖಾನೆಗೆ ಕರೆಂಟಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್. ಕೆಲಸ ಹೆಚ್ಚಾದದ್ದರಿಂದ ಬಂದದ್ದು ಸುಮಾರು 7,500 ಡಾಲರ್. ಕರೆಂಟ್ ಬಿಲ್ಲಿನ ಉಳಿತಾಯಕ್ಕಿಂತ ಎರಡೂವರೆ ಪಟ್ಟು ಬೆಲೆ ನಮ್ಮಮ್ಮನಂಥವರ ನೆತ್ತಿಯ ಮೇಲಿನ ಕಾವು ಇಳಿದದ್ದಕ್ಕೆ ಇತ್ತು. ಬಲ್ಬು ಬದಲಾಯಿಸುವಾಗ ಆ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಒಂದೇ. ಮೈ ಸ್ವಲ್ಪ ತಂಪಾಗಿ, ಸ್ವಲ್ಪ ನಿದ್ದೆಯಾಗಿ, ಮನಸ್ಸು ಸ್ವಲ್ಪ ಹಗುರಾಗಿ ಹೆಚ್ಚಾದ ಈ ದುಡಿಮೆಯಲ್ಲಿ ದುಡಿದವರ ಪಾಲು ಎಷ್ಟು? ಲೈನಿನಲ್ಲಿ ಕೂತವರು, ಲೈನ್ ನಡೆಸಿದವರು, ಓದಿಕೊಂಡವರು ಎಲ್ಲರೂ ಬರೆಯಿರಿ. ನಾನು ಓದಿದ್ದನ್ನು ನೀವು ಕಂಡದ್ದರ ಜೊತೆ ಇಟ್ಟು ನೋಡಬೇಕೆಂಬ ಆಸೆ.

ನೂಲು ಬಾಬಿನ್

ಮಗಳೇ, ಕರ್ಚೀಫು ಸುತ್ತಿಕೊಳ್ಳೋ ವಿಷಯ ಓದಿ ಗಂಟಲು ಕಟ್ಟಿತು. ನಾನೂ ಸುತ್ಕೋತೀನಿ. ಒಂಬತ್ತು ವರ್ಷದಿಂದ ಕಫ್ ಅಟ್ಯಾಚ್, ಅಂದ್ರೆ ಶರ್ಟಿನ ತೋಳಿಗೆ ಕಫ್ ಜೋಡಿಸೋದು, ಇದೊಂದೇ ಆಪರೇಷನ್ (ಹೊಲಿಗೆಯ ಹಂತ) ನಂದು. ನಮ್ಮ ಫ್ಲೋರಲ್ಲೂ ಲೈಟ್ ಬದಲಾಯಿಸಿದ್ರು, ನಿಜ, ತಲೆ ಸುಡೋದು ಕಡಿಮೆ ಆಯ್ತು. ಆದ್ರೆ ಲೈನಿನ ಕೊನೇಲಿ ಐರನ್ ಟೇಬಲ್ ಇರುತ್ತಲ್ಲ, ಸ್ಟೀಮ್ ಎಲ್ಲ ಹಿಂದಿನ ನಾಲ್ಕು ಮೆಷಿನ್ನಿಗೆ ಬಡಿಯುತ್ತೆ. ಅಲ್ಲಿ ಕೂರೋ ಹುಡುಗೀರು ಮಾರ್ಚ್ ತಿಂಗಳಲ್ಲಿ ತಲೆ ತಿರುಗಿ ಬೀಳೋದು ನೋಡಿದೀನಿ.

ಇನ್ನೊಂದು ಯಾರೂ ಬರೆಯಲ್ಲ, ನಾನು ಬರೀತೀನಿ. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡ್ ಮೇಲೆ ಬರೀತಾರೆ. ನೀರು ಕುಡಿದ್ರೆ ಬಾತ್‌ರೂಮಿಗೆ ಏಳಬೇಕು. ಎದ್ದು ಬರೋ ಅಷ್ಟರಲ್ಲಿ ಬಂಡಲ್ ಗುಡ್ಡೆ ಬಿದ್ದಿರುತ್ತೆ, ಮುಂದಿನವಳು ಕೈ ಖಾಲಿ ಕೂತಿರ್ತಾಳೆ. ಅದಕ್ಕೆ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ನಮ್ಮ ಲೈನಲ್ಲಿ ಉರಿಮೂತ್ರ ಆಗದೇ ಇರೋ ಹೆಂಗಸು ಯಾರಿದಾರೆ ಅಂತ ಕೇಳಿದ್ರೆ ಒಬ್ಬರೂ ಕೈ ಎತ್ತಲ್ಲ. ಸೆಕೆ ಅಳೆಯೋರು ಇದನ್ನೂ ಅಳೀಬೇಕು.

ಸ್ಟಾಪ್‌ವಾಚ್

ನಾನು ಹನ್ನೊಂದು ವರ್ಷ ಐಇ ಆಗಿದ್ದವನು. ಗೊತ್ತಿಲ್ಲದವರಿಗೆ: ಒಂದು ಆಪರೇಷನ್‌ಗೆ ಎಷ್ಟು ಸೆಕೆಂಡ್ ಬೇಕು ಅಂತ ಸ್ಟಾಪ್‌ವಾಚ್ ಹಿಡಿದು ನೋಡಿ ಟಾರ್ಗೆಟ್ ಕಟ್ಟುವವರು ನಾವು. ಬಾಬಿನ್ ಅಕ್ಕ ಹೇಳಿದ ಬೋರ್ಡಿನ ಮೇಲಿನ ಸಂಖ್ಯೆ ನಮ್ಮ ಕೈಯಿಂದಲೇ ಹೋಗೋದು. ಆ ಸೆಕೆಂಡುಗಳನ್ನು ನಾನು ತೆಗೆದುಕೊಳ್ಳುತ್ತಿದ್ದದ್ದು ಬೆಳಗ್ಗೆ ಹತ್ತಕ್ಕೆ, ಎಲ್ಲರ ಮೈಯಲ್ಲೂ ಶಕ್ತಿ ಇರುವಾಗ. ಮಧ್ಯಾಹ್ನ ಮೂರೂವರೆಗೂ ಅದೇ ಟಾರ್ಗೆಟ್. ಅದು ತಪ್ಪು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಕಲಿಸಿದ್ದರು, ಹಾಗೆ ಮಾಡಿದೆ.

ಅದೇ ಮೂವರ ಇನ್ನೊಂದು ಅಧ್ಯಯನ ಇದೆ, 2022ರದ್ದು. ಗಾಳಿಯಲ್ಲಿ ಸೂಕ್ಷ್ಮ ದೂಳು ಏರಿಳಿಯುವುದನ್ನು ಗಂಟೆ ಗಂಟೆಗೆ ಅಳೆದು, ಅದೇ ಗಂಟೆಯಲ್ಲಿ ಕಾರ್ಮಿಕರ ಕೆಲಸ ಎಷ್ಟು ಬಿತ್ತು ಎಂದು ನೋಡಿದರು. ದೂಳು ಏರಿದ ಗಂಟೆಗಳಲ್ಲಿ ಎಲ್ಲರದೂ ಒಂದೇ ರೀತಿ ಬೀಳಲಿಲ್ಲ, ಕೆಲವರದು ತುಂಬಾ ಬಿತ್ತು. ಲೈನಿನ ಮೇಲೆ ಕಣ್ಣಿಟ್ಟ ಸೂಪರ್‌ವೈಸರ್‌ಗಳು ಅಂಥವರನ್ನು ಗುರುತಿಸಿ ಬೇರೆ ಆಪರೇಷನ್‌ಗೆ ಕೂರಿಸಿ ನಷ್ಟವನ್ನು ತಗ್ಗಿಸಿದ್ದರು. ಇದು ನೂರಕ್ಕೆ ನೂರು ಸತ್ಯ. ಒಳ್ಳೆ ಸೂಪರ್‌ವೈಸರ್ ಬೋರ್ಡ್ ನೋಡುವ ಮೊದಲು ಮುಖ ನೋಡುತ್ತಾನೆ. ನನ್ನ ಜೊತೆ ಇದ್ದ ಒಬ್ಬ ಮೇಡಂ ಯಾರಾದರೂ ಕೆಮ್ಮಲು ಶುರು ಮಾಡಿದರೆ ಫೀಡಿಂಗ್‌ನಿಂದ (ಲೈನಿಗೆ ಬಟ್ಟೆ ಒದಗಿಸುವ ಕೆಲಸದಿಂದ) ಎಬ್ಬಿಸಿ ಕಿಟಕಿ ಪಕ್ಕದ ಟ್ರಿಮ್ಮಿಂಗ್‌ಗೆ (ಉಳಿದ ದಾರ ಕತ್ತರಿಸುವ ಕೆಲಸಕ್ಕೆ) ಕಳಿಸುತ್ತಿದ್ದರು. ಅವರ ಲೈನ್ ಟಾರ್ಗೆಟ್ ತಪ್ಪಿದ್ದು ನನಗೆ ನೆನಪಿಲ್ಲ.

ಮಳವಳ್ಳಿ ಮಗಳು

ಸರ್, ನೀವು ಇದನ್ನು ಹೀಗೆ ತೆರೆದು ಬರೆದದ್ದಕ್ಕೆ ಕೈ ಮುಗಿಯುತ್ತೇನೆ.

ಬಾಬಿನ್ ಅಕ್ಕ, ನೀರಿನ ವಿಷಯ ನೀವು ಹೇಳಿದ್ದು ಸರಿ. ನಾನು ಇಲ್ಲಿ ಹೇಳುತ್ತಿರುವ ಅಧ್ಯಯನಗಳು ಪೀಸ್ ಎಣಿಸಿದವು, ಏಕೆಂದರೆ ಅದರ ಲೆಕ್ಕ ಕಂಪನಿಯಲ್ಲಿ ದಿನಾ ಸಿಗುತ್ತದೆ. ಉರಿಮೂತ್ರದ ಲೆಕ್ಕ ಯಾರೂ ಇಡುವುದಿಲ್ಲ.

ಸೆಕೆಯ ಬಗ್ಗೆ ಇನ್ನೊಂದು ದೊಡ್ಡ ಅಧ್ಯಯನ ಇದೆ. ಇ. ಸೋಮನಾಥನ್ ಮತ್ತು ಜೊತೆಗಾರರು ಭಾರತದ ಕಾರ್ಖಾನೆಗಳ ಲೆಕ್ಕ ನೋಡಿ 2021ರಲ್ಲಿ ಪ್ರಕಟಿಸಿದ್ದು. ವರ್ಷದ ಸರಾಸರಿ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಕಾರ್ಖಾನೆಯ ಉತ್ಪಾದನೆ ಸುಮಾರು ಶೇ. 2ರಷ್ಟು ಬೀಳುತ್ತದೆ ಎಂಬುದು ಅವರ ಲೆಕ್ಕ. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಒಳಗೆ ತಂಪು ಮಾಡಿದ ಕಡೆ ಕೆಲಸದ ವೇಗ ಬೀಳಲಿಲ್ಲ, ಆದರೆ ಗೈರುಹಾಜರಿ ಮಾತ್ರ ಹಾಗೇ ಇತ್ತು. ಯಾಕೆ? ಕಾರ್ಖಾನೆ ತಂಪಾದರೂ ಮನೆ ತಂಪಾಗಲಿಲ್ಲ. ಶೀಟಿನ ಮನೆಯಲ್ಲಿ ರಾತ್ರಿಯೆಲ್ಲ ಬೆಂದು ಬೆಳಗ್ಗೆ ಏಳಲಾಗದವಳ ರಜೆ ಅದು.

ಹೊಸೂರು ರಸ್ತೆ

ಪಾಲಿನ ಪ್ರಶ್ನೆ ಕೇಳಿದ್ದೀರಿ, ಉತ್ತರ ಅದೇ ಸಂಶೋಧಕರ ಇನ್ನೊಂದು ಕೆಲಸದಲ್ಲಿದೆ. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ ರೂಪಿಸಿದ ಪೇಸ್ ಎಂಬ ತರಬೇತಿಯನ್ನು ಬೆಂಗಳೂರಿನ ಐದು ಗಾರ್ಮೆಂಟ್ಸ್ ಘಟಕಗಳಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟರು. ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು ಇಂಥವು. ಹೊಲಿಗೆ ಕಲಿಸುವ ತರಬೇತಿ ಅಲ್ಲ. ಯಾರಿಗೆ ಸಿಗಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರಿಂದ ಹೋಲಿಕೆ ಗಟ್ಟಿಯಾಗಿದೆ. ತರಬೇತಿ ಪಡೆದವರ ಉತ್ಪಾದಕತೆ ಚೆನ್ನಾಗಿ ಏರಿತು. ತರಬೇತಿ ಮುಗಿದ ಎಂಟು ತಿಂಗಳೊಳಗೆ ಕಂಪನಿ ಹಾಕಿದ ದುಡ್ಡಿಗೆ ಬಂದ ನಿವ್ವಳ ಲಾಭ ಶೇ. 250ಕ್ಕೂ ಮೇಲೆ. ಹೆಣ್ಣುಮಕ್ಕಳ ಸಂಬಳ ಏರಿದ್ದು ಶೇ. 0.5ರ ಆಸುಪಾಸು.

ಇದನ್ನು ಯೂನಿಯನ್ನಿನವರು ಬರೆದಿದ್ದಲ್ಲ. ಕಂಪನಿಯೇ ಒಳಗೆ ಬಿಟ್ಟುಕೊಂಡ ಸಂಶೋಧಕರು ಬರೆದದ್ದು. ದುಡಿಮೆಗೂ ಸಂಬಳಕ್ಕೂ ನಡುವೆ ಇಷ್ಟು ದೊಡ್ಡ ಅಂತರ ಹೇಗೆ ಉಳಿಯುತ್ತದೆ? ಇದೇ ಕೆಲಸಕ್ಕೆ ಪಕ್ಕದ ಕಾರ್ಖಾನೆಯೂ ಹೆಚ್ಚು ಕೊಡುವುದಿಲ್ಲ. ನಮ್ಮಲ್ಲಿ ಸಂಬಳ ಅಂದರೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ, ಅದರ ಮೇಲೆ ಒಂದಿಷ್ಟು ಅಟೆಂಡೆನ್ಸ್ ಬೋನಸ್. ಚುರುಕಾಗಿ ಹೊಲಿದವಳಿಗೂ ನಿಧಾನಕ್ಕೆ ಹೊಲಿದವಳಿಗೂ ತಿಂಗಳ ಕೊನೆಗೆ ವ್ಯತ್ಯಾಸ ಕೆಲವು ನೂರು ರೂಪಾಯಿ. ಅದಕ್ಕೇ ನಾನು ಹೇಳೋದು, ಈ ಶೇ. 250 ಮತ್ತು ಶೇ. 0.5 ಎರಡು ಸಂಖ್ಯೆಯನ್ನೂ ಕನಿಷ್ಠ ವೇತನದ ಸಭೆಗೆ ಹೋಗುವ ಪ್ರತಿಯೊಬ್ಬ ಪ್ರತಿನಿಧಿ ಬಾಯಿಪಾಠ ಮಾಡಿಕೊಂಡು ಹೋಗಬೇಕು.

ನೂಲು ಬಾಬಿನ್

ಆ ತರಬೇತಿ ತರಹದ್ದು ನಮ್ಮಲ್ಲೂ ಒಂದು ಬಂದಿತ್ತು. ಮೊದಲು ಸೂಪರ್‌ವೈಸರ್ ಹತ್ತಿರ ಹೋಗಿ ದಾರ ಸರಿ ಇಲ್ಲ ಅಂತ ಹೇಳೋಕೂ ಹೆದರ್ತಿದ್ದೆ. ಈಗ ಹೇಳ್ತೀನಿ. ಅದು ನನಗೆ ಸಿಕ್ಕಿದ್ದೇ. ಸಂಬಳ ಏರಲಿಲ್ಲ ಅನ್ನೋದೂ ಸತ್ಯವೇ. ಎರಡೂ ಬರ್ಕೊಳ್ಳಿ.

ಮೈಲಾಪುರದ ಕನ್ನಡಿಗ

ನಾನು ಚೆನ್ನೈನಲ್ಲಿ ಇರುವವನು. ನಿದ್ದೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಊರಿನ ಕಡಿಮೆ ಆದಾಯದ 452 ಜನರ ಮೇಲೆ ನಡೆದ ಒಂದು ಅಧ್ಯಯನ 2021ರಲ್ಲಿ ಹೊರಬಂತು. ಅವರಿಗೆ ಕಂಪ್ಯೂಟರಿನಲ್ಲಿ ಡೇಟಾ ಎಂಟ್ರಿ ಕೆಲಸ ಕೊಟ್ಟು, ಕೈಗೆ ನಿದ್ದೆ ಅಳೆಯುವ ವಾಚಿನಂಥ ಯಂತ್ರ ಕಟ್ಟಿದರು. ಹಾಸಿಗೆಯಲ್ಲಿ ಇದ್ದದ್ದು ಎಂಟು ಗಂಟೆ, ನಿಜವಾಗಿ ನಿದ್ದೆ ಮಾಡಿದ್ದು ಐದೂವರೆ ಗಂಟೆ. ಮತ್ತೆ ಮತ್ತೆ ಎಚ್ಚರ. ನಿದ್ದೆಯ ಕಾಯಿಲೆ ಇರುವವರ ಮಟ್ಟಕ್ಕೆ ಒಡೆದ ನಿದ್ದೆ.

ಆಮೇಲೆ ಒಂದು ಗುಂಪಿಗೆ ತಿಳಿವಳಿಕೆ, ಪ್ರೋತ್ಸಾಹ, ಮನೆಯಲ್ಲಿ ಮಲಗಲು ಅನುಕೂಲವಾಗುವ ಸಾಮಾನು ಎಲ್ಲ ಕೊಟ್ಟರು. ಮೂರು ವಾರದಲ್ಲಿ ರಾತ್ರಿ ನಿದ್ದೆ 27 ನಿಮಿಷ ಹೆಚ್ಚಿತು. ಅದರಿಂದ ಕೆಲಸ ಚುರುಕಾಗುತ್ತದೆ ಅಂತ ತಜ್ಞರೆಲ್ಲ ಊಹಿಸಿದ್ದರು, ಆಗಲಿಲ್ಲ. ಹಾಸಿಗೆಯಲ್ಲಿ ಹೆಚ್ಚು ಹೊತ್ತು ಕಳೆದರು ಅಷ್ಟೆ, ಒಡೆದ ನಿದ್ದೆ ಒಡೆದೇ ಇತ್ತು. ಇನ್ನೊಂದು ಗುಂಪಿಗೆ ಕೆಲಸದ ಜಾಗದಲ್ಲೇ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಲು ಬಿಟ್ಟರು. ಅವರ ಕೆಲಸವೂ ಸುಧಾರಿಸಿತು, ಮನಸ್ಸಿನ ನೆಮ್ಮದಿಯೂ, ತಾಳ್ಮೆಯೂ, ಗಮನವೂ. ಸದ್ದಿಲ್ಲದ, ಸೊಳ್ಳೆಯಿಲ್ಲದ ಜಾಗದಲ್ಲಿ ಅರ್ಧ ಗಂಟೆ ಗಟ್ಟಿ ನಿದ್ದೆ ಬಿದ್ದರೆ ಬಡವರ ಮೈಗೆ ಅದು ಏನು ಎಂದು ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

ನೂಲು ಬಾಬಿನ್

ಅಣ್ಣ, ಒಡೆದ ನಿದ್ದೆ ಅಂದ್ರಲ್ಲ, ಅದಕ್ಕೆ ಹೆಸರು ಇದೆ ಅಂತ ಇವತ್ತು ಗೊತ್ತಾಯ್ತು. ನಮ್ಮ ವಠಾರಕ್ಕೆ ನೀರು ಬಿಡೋದು ರಾತ್ರಿ ಎರಡೂವರೆಗೆ, ಅದೂ ದಿನ ಬಿಟ್ಟು ದಿನ. ಎದ್ದು ಡ್ರಮ್ಮು, ಬಿಂದಿಗೆ ತುಂಬಿಸ್ಕೊಳ್ಳೋದ್ರಲ್ಲಿ ಮೂರೂವರೆ. ಮತ್ತೆ ಐದಕ್ಕೆ ಎದ್ದು ಮುದ್ದೆ ತೊಳಸಿ, ಸಾರು ಮಾಡಿ, ಮಕ್ಕಳಿಗೆ ಡಬ್ಬಿ ಕಟ್ಟಬೇಕು. ಎಂಟೂಕಾಲಿಗೆ ಪಂಚಿಂಗ್. ನೀರು ಸಂಜೆ ಆರಕ್ಕೆ ಬಿಟ್ರೆ ನನ್ನ ಲೈನಿನ ಎಫಿಶಿಯನ್ಸಿ ಏರುತ್ತೆ ಅಂತ ನಾನು ಬರ್ಕೊಡ್ತೀನಿ.

ಊಟದ ಬಿಡುವು ಅರ್ಧ ಗಂಟೆ. ಕ್ಯಾಂಟೀನ್ ಹೊರಗಡೆ ಮೆಟ್ಟಿಲ ಕೆಳಗೆ ಹತ್ತು ನಿಮಿಷ ತಲೆ ಒರಗಿಸ್ತೀವಿ, ಸೆಕ್ಯೂರಿಟಿ ಎಬ್ಬಿಸ್ತಾರೆ.

ಹೊಳೆದಂಡಿ

ನಮ್ದು ರಾಣೆಬೆನ್ನೂರ ತಾಲೂಕು, ತುಂಗಭದ್ರಾ ದಂಡಿ. ನೀವೆಲ್ಲಾ ಬೆಂಗಳೂರಿನ ಮಾತಾಡಾಕತ್ತೀರಿ, ನಾ ನಮ್ಮ ಕಡೀದು ಒಂದು ಹೇಳ್ತೀನಿ, ಯಾಕಂದ್ರ ಆರೋಗ್ಯ ಹ್ವಾತಂದ್ರ ಆದಾಯಾನೂ ಹೋಗ್ತೈತಿ.

ವಾಜಪೇಯಿ ಆರೋಗ್ಯಶ್ರೀ 2010ರಾಗ ಮೊದ್ಲ ಉತ್ತರ ಕರ್ನಾಟಕದ ಜಿಲ್ಲಾಗಳಿಗೆ ಬಂತು. ಕ್ಯಾನ್ಸರ್, ಹೃದಯ, ಕಿಡ್ನಿ ಇಂಥಾ ದೊಡ್ಡ ರೋಗಗಳಿಗೆ, ಬಿಪಿಎಲ್ ಮಂದಿಗೆ ಪುಕ್ಕಟೆ. ದಕ್ಷಿಣದ ಜಿಲ್ಲಾಗಳಿಗೆ ಬಂದದ್ದು 2012ರಾಗ. ಆ ನಡುವಿನ ಕಾಲದಾಗ ಗಡಿಯ ಈ ಕಡೆ ಯೋಜನೆ ಐತಿ, ಆ ಕಡೆ ಇಲ್ಲ. ಹೊಳಿ ಈ ಕಡೆ ನಾವು, ಹೊಳಿ ದಾಟಿದ್ರ ಹರಿಹರ. ಮಂದಿ ಅವ್ರ, ಬೆಳಿ ಅದ, ಬಡತನಾನೂ ಅದ. ಇದನ್ನ ಹಿಡಕೊಂಡು ಸಂಶೋಧಕರು ಗಡಿಗುಂಟ ಇರೋ 572 ಹಳ್ಳಿ ತಿರುಗಿ 60,109 ಮನಿಗಳ ಲೆಕ್ಕ ತಗೊಂಡ್ರು. 2014ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಾಗ ಬಂತು. ಯೋಜನೆಯೊಳಗಿನ ರೋಗಗಳಿಂದ ಸತ್ತವರು ಯೋಜನೆ ಇದ್ದ ಕಡೆ ಬಡವರೊಳಗ ಶೇ. 0.32, ಇಲ್ಲದ ಕಡೆ ಶೇ. 0.90. ಆಸ್ಪತ್ರಿ ಸೇರಿದಾಗ ಕೈಯಿಂದ ಹೋಗೋ ರೊಕ್ಕ ಶೇ. 34 ಕಡಿಮಿ.

ನಮ್ಮ ಕಾಕಾಗ 2011ರಾಗ ಹೃದಯದ ಆಪರೇಷನ್ ಆತು. ಎರಡೆಕರೆ ಹೊಲ ಉಳೀತು, ಇವತ್ತೂ ಅದರಾಗ ಗೋವಿನಜೋಳ ಬಿತ್ತತೀವಿ. ಹೊಳಿ ಆ ಕಡೆ ನಮ್ಮ ಬೀಗರಿಗೂ ಅದ ವರ್ಷ ಅದ ಬ್ಯಾನಿ. ಹೊಲ ಮಾರಿ ಮಾಡಿಸಿದ್ರು. ಅವರ ಸೊಸಿ ಈಗ ಬೆಂಗಳೂರಾಗ ಗಾರ್ಮೆಂಟ್ಸಿಗೆ ಹೋಗ್ತಾಳ. ನಿಮ್ಮ ಲೈನಿನ್ಯಾಗ ಕುಂತಾಕಿ ಯಾಕ ಊರು ಬಿಟ್ಟು ಬಂದಾಳ ಅಂತ ಕೇಳ್ರಿ, ಹಿಂದ ಒಂದು ಆಸ್ಪತ್ರಿ ಬಿಲ್ ಇರತೈತಿ.

ಮಳವಳ್ಳಿ ಮಗಳು

ಅಣ್ಣಾವರೇ, ನಿಮ್ಮ ಕೊನೆಯ ಮಾತನ್ನು ನಾಳೆಯಿಂದ ನನ್ನ ಸರ್ವೆಯಲ್ಲಿ ಕೇಳಲು ಶುರು ಮಾಡುತ್ತೇನೆ. ಊರು ಬಿಟ್ಟ ಕಾರಣ ಎಂಬ ಕಲಂ ಅಡಿಯಲ್ಲಿ ಕೆಲಸ, ಮದುವೆ, ಓದು, ಇತರೆ ಎಂದಷ್ಟೇ ಇದೆ. ಆಸ್ಪತ್ರೆಯ ಸಾಲ ಇಷ್ಟು ದಿನ ಇತರೆಗೆ ಹೋಗುತ್ತಿತ್ತು.

ಕೊಡಚಾದ್ರಿ ತಪ್ಪಲು

ಒಂದು ಸಂಶಯ ಇದೆ, ಬೇಸರ ಮಾಡಿಕೊಳ್ಳಬೇಡಿ. ನೆರಳು ಕೊಟ್ಟರೆ ಇಷ್ಟು ಪೀಸ್ ಹೆಚ್ಚು, ನಿದ್ದೆ ಕೊಟ್ಟರೆ ಇಷ್ಟು ಹೆಚ್ಚು ಎಂದು ಲೆಕ್ಕ ಹಾಕುವುದರಲ್ಲೇ ಏನೋ ತಪ್ಪಿದೆ ಅನ್ನಿಸುತ್ತದೆ. ನಾಳೆ ಯಾರೋ ಲೆಕ್ಕ ಹಾಕಿ, ನೀರು ಕುಡಿಯಲು ಬಿಟ್ಟರೆ ಪೀಸ್ ಕಡಿಮೆಯಾಗುತ್ತದೆ ಎಂದರೆ ನೀರು ಕೊಡಬಾರದೇ? ಎತ್ತಿಗೆ ಹುಲ್ಲು ಹಾಕುವವನೂ ಉಳುಮೆ ಲೆಕ್ಕ ಹಾಕಿಯೇ ಹಾಕುತ್ತಾನೆ. ಮನುಷ್ಯರಿಗೆ ಅದು ಸಲ್ಲದು.

ಮಳವಳ್ಳಿ ಮಗಳು

ಸಂಶಯ ಸರಿಯಾಗಿಯೇ ಇದೆ. ನೀರು, ನೆರಳು, ಬಾತ್‌ರೂಮು ಇವು ಹಕ್ಕು. ಯಾವ ಅಧ್ಯಯನದ ಫಲಿತಾಂಶಕ್ಕೂ ಅವು ಕಾಯಬೇಕಿಲ್ಲ. ಕುಡಿಯುವ ನೀರು, ಶೌಚಾಲಯ, ಗಾಳಿ ಬೆಳಕು ಎಲ್ಲವನ್ನೂ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಅದರಲ್ಲಿ ಪೀಸಿನ ಮಾತೇ ಇಲ್ಲ.

ಹಾಗಿದ್ದೂ ಈ ಲೆಕ್ಕಗಳನ್ನು ನಾನು ಬಿಡಲಾರೆ. ನಮ್ಮಮ್ಮ ಸೆಕೆ ಎಂದು ಹೇಳಿದಾಗ ಹದಿನೇಳು ವರ್ಷವೂ ಸಿಕ್ಕ ಉತ್ತರ ಒಂದೇ: ಫ್ಯಾನ್ ಹಾಕಿದರೆ ಖರ್ಚು. ಹಕ್ಕು ಎಂದರೆ ಕೇಳದ ಕಿವಿ ಖರ್ಚು ಎಂದರೆ ಕೇಳುತ್ತದೆ. ಫ್ಯಾನ್ ಹಾಕದಿದ್ದರೆ ಖರ್ಚು ಹೆಚ್ಚು ಎಂದು ಅಂಕಿ ಇಟ್ಟು ಹೇಳಿದ ದಿನ ಆ ಉತ್ತರ ಬೀಳುತ್ತದೆ. ಆದರೆ ಒಂದು ಮಾತನ್ನು ಒಪ್ಪುತ್ತೇನೆ. ರಾತ್ರಿ ನಿದ್ದೆ ಹೆಚ್ಚಿದರೂ ಕೆಲಸ ಹೆಚ್ಚಲಿಲ್ಲ ಎಂಬ ಚೆನ್ನೈ ಫಲಿತಾಂಶ ತೋರಿಸಿ ಬಡವರಿಗೆ ನಿದ್ದೆ ಬೇಡ ಎನ್ನುವವರು ಬಂದರೆ, ಅವರ ಎದುರು ನಿಮ್ಮ ಪಕ್ಕದಲ್ಲೇ ನಾನೂ ನಿಲ್ಲುತ್ತೇನೆ.

ಕೊಡಚಾದ್ರಿ ತಪ್ಪಲು

ಸಮಾಧಾನವಾಯಿತು. ಹಾಗಾದರೆ ನನಗೆ ಇಷ್ಟವಾದದ್ದು ಒಂದನ್ನು ನಾನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಮುತ್ತುಗದ ಎಲೆ ಹಚ್ಚುವ ಹಾಗೆ ಒಡಿಶಾದಲ್ಲೂ ಊಟದ ಎಲೆ ಹಚ್ಚುತ್ತಾರೆ. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ಅಲ್ಲಿನ 408 ಕೂಲಿಗಳಿಗೆ ಎಲೆ ಹಚ್ಚುವ ಕೆಲಸ ಕೊಟ್ಟು, ಕೆಲವರಿಗೆ ಕೂಲಿಯ ಒಂದು ಭಾಗವನ್ನು ಸ್ವಲ್ಪ ದಿನ ಮುಂಚೆ ಕೊಟ್ಟರು. ಒಟ್ಟು ಕೂಲಿ ಅಷ್ಟೇ, ಕೈಗೆ ಬಂದ ದಿನ ಮಾತ್ರ ಬೇರೆ. ಮುಂಚೆ ಸಿಕ್ಕವರು ಮೊದಲು ಅಂಗಡಿ ಸಾಲ ತೀರಿಸಿದರು. ಮರುದಿನದಿಂದ ಅವರು ಹಚ್ಚಿದ ಎಲೆ ಸುಮಾರು ಶೇ. 6-7ರಷ್ಟು ಹೆಚ್ಚು, ಕಡ್ಡಿ ಚುಚ್ಚಿ ಮತ್ತೆ ಕೀಳುವ ತಪ್ಪುಗಳೂ ಕಡಿಮೆ. ತಲೆಯಲ್ಲಿ ಸಾಲಗಾರ ಕೂತಿದ್ದರೆ ಕೈ ತಪ್ಪುತ್ತದೆ. ನಮ್ಮಜ್ಜಿ ಎಲೆ ಹಚ್ಚುವಾಗ ಅಂಗಡಿಯವನ ದನಿ ಕೇಳಿದರೆ ಕಡ್ಡಿ ಬೆರಳಿಗೇ ಚುಚ್ಚಿಕೊಳ್ಳುತ್ತಿದ್ದಳು.

ಹೊಸೂರು ರಸ್ತೆ

ಇದನ್ನು ಓದಿ 2016ರ ಏಪ್ರಿಲ್ ನೆನಪಾಯಿತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಸಾವಿರಾರು ಹೆಣ್ಣುಮಕ್ಕಳು ಮೆಷಿನ್ ಬಿಟ್ಟು ಎದ್ದು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಬಂದರು. 19ನೇ ತಾರೀಕು ಸರ್ಕಾರ ನಿಯಮ ವಾಪಸ್ ಪಡೆಯಿತು. ಮಕ್ಕಳ ಫೀಸು, ಮನೆಯ ಭೋಗ್ಯ, ಬಾಣಂತನ ಎಲ್ಲಕ್ಕೂ ಅವರು ನಂಬಿದ್ದು ಆ ಒಂದು ಗಂಟನ್ನೇ. ಒಟ್ಟು ಎಷ್ಟು ಎನ್ನುವುದಕ್ಕಿಂತ ಯಾವ ದಿನ ಕೈಗೆ ಬರುತ್ತದೆ ಎಂಬುದು ಅವರಿಗೆ ಮುಖ್ಯವಾಗಿತ್ತು. ಒಡಿಶಾದ ಲೆಕ್ಕವೂ ಅದನ್ನೇ ಹೇಳುತ್ತಿದೆ.

ಹೊಸಬಳು

ನಾನು ಇಲ್ಲಿ ಮೊದಲ ಸಲ ಬರೀತಿರೋದು. ನಮ್ಮತ್ತೆಗೆ ಬೆನ್ನು ಡಿಸ್ಕ್ ಜರುಗಿದೆ, ಡಾಕ್ಟರು ಒಂದೂವರೆ ತಿಂಗಳು ಕೂರಬಾರದು ಅಂದಿದಾರೆ. ರಜೆ ಹಾಕಿದ್ರೆ ಸಂಬಳ ಇಲ್ಲ ಅಂತ ಇವತ್ತೂ ಕೆಲಸಕ್ಕೆ ಹೋದ್ರು. ಸಂಬಳದಲ್ಲಿ ಇಎಸ್‌ಐ ಅಂತ ಕಾರ್ಮಿಕರ ವಿಮೆ ದುಡ್ಡು ಹಿಡೀತಾರೆ. ಏನಾದ್ರೂ ಸಿಗುತ್ತಾ?

ಸ್ಟಾಪ್‌ವಾಚ್

ಸಿಗುತ್ತದೆ ತಾಯಿ, ತಪ್ಪದೆ ಪಡೆಯಿರಿ. ಇಎಸ್‌ಐನಲ್ಲಿ ಕಾಯಿಲೆ ಭತ್ಯೆ ಎಂದು ಇದೆ. ದಿನದ ಸಂಬಳದ ಶೇ. 70, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಸಂಬಂಧಿಸಿದ ಆರು ತಿಂಗಳ ಅವಧಿಯಲ್ಲಿ 78 ದಿನವಾದರೂ ಅವರ ವಂತಿಗೆ ಕಟ್ಟಿರಬೇಕು. ಖಾಸಗಿ ಡಾಕ್ಟರ ಚೀಟಿ ಮಾತ್ರ ಇದ್ದರೆ ಸಾಲದು. ಸ್ಕ್ಯಾನ್ ರಿಪೋರ್ಟ್ ಜೊತೆಗೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಅಲ್ಲಿನ ಡಾಕ್ಟರ ಕೈಯಿಂದ ಸರ್ಟಿಫಿಕೇಟ್ ಬರೆಸಿಕೊಳ್ಳಿ, ಅವರು ಹೇಳಿದ ದಿನ ಹೋಗಿ ಅದನ್ನು ಮುಂದುವರಿಸಿಕೊಳ್ಳಿ. ಭತ್ಯೆ ಬ್ಯಾಂಕ್ ಖಾತೆಗೆ ಬರುತ್ತದೆ, ಖಾತೆ ಜೋಡಣೆ ಆಗಿದೆಯೇ ನೋಡಿ. ಭತ್ಯೆ ಪಡೆಯುತ್ತಿರುವ ದಿನಗಳಲ್ಲಿ ಅವರನ್ನು ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

ಹೊಸಬಳು

ಸರ್, 78 ದಿನ ಖಂಡಿತ ಆಗಿದೆ, ಒಂದು ದಿನವೂ ರಜೆ ಹಾಕಿಲ್ಲ ಅವರು. ನಾಳೆ ಬೆಳಗ್ಗೆ ಕೆಲಸಕ್ಕೆ ಕಳಿಸಲ್ಲ, ನಾನೇ ಕರ್ಕೊಂಡು ಡಿಸ್ಪೆನ್ಸರಿಗೆ ಹೋಗ್ತೀನಿ.

ನೂಲು ಬಾಬಿನ್

ಆಧಾರ್ ಕಾರ್ಡು, ಇಎಸ್‌ಐ ಕಾರ್ಡು, ಪಾಸ್‌ಬುಕ್ ಮೂರೂ ಜೆರಾಕ್ಸ್ ಮಾಡಿಸ್ಕೊಂಡು ಹೋಗಮ್ಮ. ಎಂಟು ಗಂಟೆಗೆ ಮುಂಚೆ ಕ್ಯೂ ನಿಲ್ಲು. ನಿಮ್ಮತ್ತೆಗೆ ಒಂದು ಬೆಡ್‌ಶೀಟು ತಗೊಂಡು ಹೋಗು, ಅಲ್ಲಿ ಬೆಂಚ್ ಮೇಲೆ ಮಲಗಿಸು, ಕೂರಿಸಬೇಡ.